ಡ್ರಮ್‌ಕೀಲಿನ ಏಕೈಕ ಅಪರಾಧಿ

ಡ್ರಮ್‌ಕೀಲ್ ಊರಿನಲ್ಲಿ ಗೌರವಸ್ಥರಿಗೆ ಕೊರತೆಯಿಲ್ಲ. ಒಂದು ಬೀದಿ, ಒಂದು ಚರ್ಚು, ಮೂರು ಪಬ್ಬು. ಎಲ್ಲದರಲ್ಲೂ ಗೌರವಸ್ಥರೇ ತುಂಬಿಕೊಂಡಿದ್ದಾರೆ. ಅಪರಾಧಿ ಮಾತ್ರ ಒಬ್ಬನೇ ಇದ್ದ. ಒಬ್ಬನೇ ಆದ್ದರಿಂದ ಅವನಿಗೆ ಊರಿನಲ್ಲಿ ಒಂದು ತೂಕವೂ ಇತ್ತು.

ಅವನೇ ಮ್ಯಾಲಕಿ ಟೂಮಿ. ವಯಸ್ಸು ಅರವತ್ತೆರಡು. ಸಹಕಾರಿ ಡೈರಿಯಲ್ಲಿ ಮೂವತ್ತೈದು ವರ್ಷ ಹಾಲಿನ ಕೊಬ್ಬು ಅಳೆದು ನಿವೃತ್ತನಾದವನು. ನೋಡಿದರೆ ಅಪರಾಧಿ ಅನ್ನಿಸುವ ಆಳಲ್ಲ. ಕತ್ತಿನವರೆಗೂ ಗುಂಡಿ ಹಾಕಿದ ಉಣ್ಣೆಯಂಗಿ. ಬೀದಿಯಲ್ಲಿ ನಾಯಿ ಬೊಗಳಿದರೆ ಟೋಪಿ ಎತ್ತಿ ಅದಕ್ಕೇ ಕ್ಷಮೆ ಕೇಳುವ ಸ್ವಭಾವ. ಆದರೂ ಡ್ರಮ್‌ಕೀಲಿನಲ್ಲಿ ಹಲ್ಲು ಹುಟ್ಟದ ಕೂಸಿಗೂ ಗೊತ್ತಿತ್ತು, ಮ್ಯಾಲಕಿ ಪ್ರಾಯದಲ್ಲಿ ಲಂಡನ್ನಿಗೆ ಹೋಗಿದ್ದಾಗ ಮೂವರು ಪೊಲೀಸರನ್ನು ಒಬ್ಬನೇ ಎದುರಿಸಿ, ಅವರಲ್ಲಿ ಒಬ್ಬನನ್ನು ಕಾಲುವೆಗೆ ಎಸೆದು, ಆರು ವಾರ ಜೈಲಿನಲ್ಲಿದ್ದು ಬಂದವನು ಎಂದು.

ನಡೆದದ್ದೇ ಬೇರೆ. ಇಪ್ಪತ್ತೆರಡರ ಮ್ಯಾಲಕಿ ಲಂಡನ್ನಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಹಾಸ್ಟೆಲ್ಲಿನಲ್ಲಿ ತಟ್ಟೆ ತೊಳೆಯುತ್ತಿದ್ದ. ಅಲ್ಲಿ ಅವನಿಗೆ ಮಂಗನಬಾವು ಬಂತು. ಒಂದು ಕಡೆಗಲ್ಲ, ಎರಡೂ ಕಡೆಗೆ. ಕುಂಬಳಕಾಯಿಗೆ ಟೋಪಿ ಇಟ್ಟ ಹಾಗೆ ಕಾಣುತ್ತಿದ್ದ ಅವನನ್ನು ಸನ್ಯಾಸಿನಿಯರು ಆರು ವಾರ ಕೋಣೆಯಿಂದಾಚೆ ಬಿಡದೆ ಗಂಜಿ ಕುಡಿಸಿದರು. ರೋಗ ಕಾಗದಕ್ಕೆ ಅಂಟಿಕೊಂಡು ಊರು ಸೇರೀತೆಂದು ಮನೆಗೆ ಪತ್ರ ಬರೆಯಲೂ ಬಿಡಲಿಲ್ಲ.

ಊರಿಗೆ ಮರಳಿದ ದಿನ ಹ್ಯಾನಫಿ ಪಬ್ಬಿನಲ್ಲಿ ಯಾರೋ ಕೇಳಿದರು, "ಆರು ವಾರ ಒಂದು ಕಾಗದ ಇಲ್ಲ, ಎಲ್ಲಿ ಹೋಗಿದ್ಯೋ? ಜೈಲಿಗಾ?" ಎಳೆಮಕ್ಕಳಿಗೆ ಬರುವ ಕಾಯಿಲೆ ತನಗೆ ಬಂದಿತ್ತೆಂದು ಹೇಳಲಾರದೆ ಮ್ಯಾಲಕಿ ಸುಮ್ಮನೆ ಲೋಟ ನೋಡುತ್ತ ಕೂತ. ಅವನು ಮಾಡಿದ್ದು ಅಷ್ಟೇ. ಕ್ರಿಸ್‌ಮಸ್ಸಿನ ಹೊತ್ತಿಗೆ ಆ ಮೌನದೊಳಗೆ ಒಬ್ಬ ಪೊಲೀಸ್ ಹುಟ್ಟಿಕೊಂಡ. ಈಸ್ಟರ್ ಬರುವಷ್ಟರಲ್ಲಿ ಮೂವರಾದರು. ಕಾಲುವೆಯನ್ನು ಯಾರು ತೋಡಿದರೋ ಇವತ್ತಿಗೂ ಮ್ಯಾಲಕಿಗೇ ಗೊತ್ತಿಲ್ಲ. ಆದರೆ ತೋಡಿದ ಕಾಲುವೆಯನ್ನು ಮುಚ್ಚುವುದು ಸುಲಭವಲ್ಲ. ಎರಡು ವರ್ಷ ಕಳೆದ ಮೇಲೆ ಗಡಿ ಕಡೆಯ ಊರಿನ ಡಿಂಪ್ನಾ ಎಂಬ ದೈವಭಕ್ತೆ ಅವನನ್ನು ಮದುವೆಯಾದಳು. ಜೈಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪ್ರತಿ ಶುಕ್ರವಾರ ಚರ್ಚಿಗೆ ಹೋಗಿ, ಕಾಲುವೆಗೆ ಬಿದ್ದ ಆ ಪೊಲೀಸಿನವನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿ ಬರುತ್ತಿದ್ದಳು. "ಚಳಿಗಾಲದ ನೀರು ಕಣೋ, ಪಾಪ" ಅನ್ನುತ್ತಿದ್ದಳು. ಇಷ್ಟಾದ ಮೇಲೆ ಯಾವ ಗಂಡ ಬಾಯಿ ಬಿಟ್ಟಾನು?

ಹೀಗೆ ಮ್ಯಾಲಕಿಯ ಅಪರಾಧ ನಲವತ್ತು ವರ್ಷ ಯಾರಿಗೂ ತೊಂದರೆ ಕೊಡದೆ ನಡೆದುಕೊಂಡು ಹೋಯಿತು. ಅದಕ್ಕೆ ಅಡ್ಡ ಬಂದದ್ದು ಒಂದು ಮಿನಿಬಸ್ಸು.

ಡ್ರಮ್‌ಕೀಲಿನ ಚರ್ಚ್ ಹಾಲಿನಲ್ಲಿ ಗುರುವಾರ ಗುರುವಾರ ಹಿರಿಯರಿಗೆ ಊಟ. ಸುತ್ತಲಿನ ಗುಡ್ಡಗಳಲ್ಲಿ ಒಂಟಿಯಾಗಿರುವ ಹದಿನೇಳು ಜನ ಮುದುಕ ಮುದುಕಿಯರನ್ನು ಮಿನಿಬಸ್ಸು ಮನೆಮನೆಗೆ ಹೋಗಿ ಕರೆತರುತ್ತಿತ್ತು. ಅದನ್ನು ಓಡಿಸುತ್ತಿದ್ದ ಹ್ಯೂಯಿಗೆ ಸೊಂಟದ ಆಪರೇಷನ್ ಆಯಿತು. ಹೊಸ ಚಾಲಕ ಬೇಕು, ಸಂಬಳವಿಲ್ಲದ ಸೇವೆ, ಪೊಲೀಸ್ ತಪಾಸಣೆ ಮಾತ್ರ ಕಡ್ಡಾಯ ಎಂದು ಪಾದ್ರಿಗಳು ಎಂಟು ಭಾನುವಾರ ಪೀಠದಿಂದಲೇ ಕೂಗಿದರು. ಎಂಟು ಭಾನುವಾರವೂ ಊರಿನ ಗಂಡಸರು ತಮ್ಮ ಬೂಟು ನೋಡಿಕೊಂಡರು. ತಿಂಗಳ ಒಂದನೇ ತಾರೀಕಿನೊಳಗೆ ಚಾಲಕ ಸಿಗದಿದ್ದರೆ ಬಸ್ಸನ್ನು ಬೇರೆ ಊರಿಗೆ ಕೊಟ್ಟುಬಿಡುತ್ತೇವೆ ಎಂದು ಮೇಲಿನಿಂದ ಕಾಗದ ಬಂತು. ಬಸ್ಸು ಹೋದರೆ ಊಟವೂ ಹೋಯಿತು, ಆ ಹದಿನೇಳು ಜನ ವಾರಕ್ಕೊಮ್ಮೆ ಇನ್ನೊಬ್ಬರ ಮುಖ ನೋಡುವುದೂ ಹೋಯಿತು.

ಇತ್ತ ಮ್ಯಾಲಕಿ ನಿವೃತ್ತನಾಗಿ ಏಳು ತಿಂಗಳು. ಮನೆಯ ಡಬ್ಬಗಳನ್ನೆಲ್ಲ ಅಕ್ಷರಕ್ರಮದಲ್ಲಿ ಜೋಡಿಸಿ ಮುಗಿಸಿ, ಈಗ ಎತ್ತರದ ಪ್ರಕಾರ ಜೋಡಿಸುತ್ತಿದ್ದ. ಬೆಳಿಗ್ಗೆ ಎದ್ದರೆ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಹದಿನೇಳು ಬಾಗಿಲುಗಳಲ್ಲಿ ಹದಿನೇಳು ಜನ ಕೋಟು ತೊಟ್ಟು ತನಗಾಗಿ ಕಾಯುವುದನ್ನು ನೆನೆಸಿಕೊಂಡೇ ಅವನ ಎದೆಯುಬ್ಬಿತು. ಒಂಬತ್ತನೇ ಭಾನುವಾರ ಎದ್ದು ನಿಂತ.

ತಪಾಸಣೆಯ ಅರ್ಜಿ ತುಂಬಿಸುವ ಜವಾಬ್ದಾರಿ ಚರ್ಚಿನ ಕಾರ್ಯದರ್ಶಿ ಅಸಂಪ್ಟಾ ಗ್ರೋಗನ್ನಳದು. ಮ್ಯಾಲಕಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಊರಿನ ಸುದ್ದಿಯೆಲ್ಲ ಮೊದಲು ಅವಳ ಬಾಯಿಗೆ ಬಂದು, ಆಮೇಲೆ ನಡೆಯುತ್ತಿತ್ತು. ಅಂಥವಳನ್ನು ಡಬ್ಲಿನ್ನಿಗೆ ಕರೆಸಿಕೊಂಡು 'ಗೋಪ್ಯತೆ ಕಾಪಾಡುವುದು ಹೇಗೆ' ಎಂದು ಒಂದು ದಿನ ಪಾಠ ಮಾಡಿ, ಪ್ರಮಾಣಪತ್ರ ಕೊಟ್ಟು ಕಳಿಸಿದ್ದರು. ಅವಳು ಅದಕ್ಕೆ ಕಟ್ಟು ಹಾಕಿಸಿ ಕಂಪ್ಯೂಟರಿನ ಮೇಲೆ ತೂಗುಹಾಕಿದ್ದಳು. ಕಚೇರಿಯ ಹಿಂದೆಯೇ ಚರ್ಚಿನ ಅಡುಗೆಮನೆ. ನಡುವಿನ ಬಾಗಿಲು ಮಳೆಗೆ ಉಬ್ಬಿ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ದಿನ ಅಲ್ಲಿ ಗಾಯನ ತಂಡದ ಐವರು ಹೆಂಗಸರು ಚಹಾ ಮಾಡುತ್ತಿದ್ದರು.

"ಹುಟ್ಟಿದಾಗಿಂದ ಇವತ್ತಿನವರೆಗೆ ವಾಸವಾಗಿದ್ದ ಅಷ್ಟೂ ವಿಳಾಸ ಹೇಳು" ಎಂದಳು ಅಸಂಪ್ಟಾ.

"ನಿಂಗೆ ಗೊತ್ತಿಲ್ವಾ? ಸೇತುವೆ ದಾಟಿದ ಮೇಲೆ ಹಸಿರು ಗೇಟು."

"ನಂಬರು?"

"ಗೇಟಿಗಾ?"

"ಮ್ಯಾಲಕಿ, ಇದು ಪೊಲೀಸರಿಗೆ ಹೋಗತ್ತೆ. ಡಬ್ಲಿನ್ನಲ್ಲಿ ಕೂತಿರೋರಿಗೆ ಹಸಿರು ಗೇಟು ಹೆಂಗೆ ಗೊತ್ತಾಗ್ಬೇಕು?"

"ಅದೂ ನಿಜ. ಈಗ ಅದಕ್ಕೆ ಕೆಂಪು ಬಣ್ಣ ಹೊಡೆದಿದಾರೆ."

ಅಸಂಪ್ಟಾ ಕಣ್ಣು ಮುಚ್ಚಿ ಡಬ್ಲಿನ್ನಿನ ಪಾಠ ನೆನೆಸಿಕೊಂಡಳು. "ಆಮೇಲೆ? ಲಂಡನ್ನಲ್ಲಿ ಎಲ್ಲಿದ್ದೆ?"

ಮ್ಯಾಲಕಿ ಕುರ್ಚಿಯಲ್ಲಿ ಅತ್ತ ಇತ್ತ ಸರಿದ. ಸನ್ಯಾಸಿನಿಯರ ಹಾಸ್ಟೆಲ್ಲು ಎಂದರೆ ಕೆಟ್ಟೆ. "ಅದೊಂದು... ದೊಡ್ಡ ಕಟ್ಟಡ. ಎತ್ತರದ ಗೋಡೆ. ಸಂಜೆ ಆದ ಮೇಲೆ ಹೊರಗೆ ಬಿಡ್ತಿರಲಿಲ್ಲ."

ಅಡುಗೆಮನೆಯಲ್ಲಿ ಚಮಚದ ಸದ್ದು ಥಟ್ಟನೆ ನಿಂತಿತು.

"ಇಲ್ಲೊಂದು ಪ್ರಶ್ನೆ ಇದೆ" ಅಸಂಪ್ಟಾ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಎರಡು ಕೋಣೆಗಳಿಗೆ ಮಾತ್ರ ಕೇಳುತ್ತದೆ. "ಯಾವುದಾದ್ರೂ ಅಪರಾಧಕ್ಕೆ ನಿನಗೆ ಶಿಕ್ಷೆ ಆಗಿದೆಯಾ? ಹೌದು, ಇಲ್ಲ. ಎರಡರಲ್ಲಿ ಒಂದು."

ಇಲ್ಲ ಅನ್ನಲು ಎರಡಕ್ಷರ ಸಾಕು. ಬಾಗಿಲ ಸಂದಿಯಲ್ಲಿ ಐದು ಜೊತೆ ಕಿವಿಗಳು ಉಸಿರು ಬಿಗಿಹಿಡಿದಿದ್ದವು. ಅವುಗಳಲ್ಲಿ ಒಂದು ಜೊತೆ ಪಬ್ಬಿನ ಕೋಲ್ಮನ್ ಹ್ಯಾನಫಿಯ ಹೆಂಡತಿಯದು. ಇಲ್ಲವೆಂದರೆ ಚಹಾ ಆರುವ ಮುಂಚೆ ನಲವತ್ತು ವರ್ಷದ ಮರ್ಯಾದೆ ಕಾಲುವೆ ಪಾಲಾಗುತ್ತಿತ್ತು. ಹೇಗೂ ಹಳೇ ಕಥೆ, ಡಬ್ಲಿನ್ನಿನವರು ಹೋಗಲಿ ಬಿಡು ಅಂದಾರು ಎಂದು ಲೆಕ್ಕ ಹಾಕಿ ಮ್ಯಾಲಕಿ ಗಂಟಲು ಸರಿಮಾಡಿಕೊಂಡ.

"ಹೌದು."

"ತಾರೀಕು?"

ಅವನಿಗೆ ತಟ್ಟನೆ ಹೊಳೆದದ್ದು ಎಲ್ಲರಿಗೂ ನೆನಪಿರುವ ಒಂದೇ ತಾರೀಕು. "ಮಾರ್ಚ್ ಹದಿನೇಳು. ಎಂಬತ್ತೈದು."

"ಸಂತ ಪ್ಯಾಟ್ರಿಕ್ಕರ ಹಬ್ಬದ ದಿನವೇ!" ಅಸಂಪ್ಟಾ ಶಿಲುಬೆ ಗುರುತು ಮಾಡಿಕೊಂಡು, ಅದೇ ಬೆರಳಿನಿಂದ ಗುಂಡಿ ಒತ್ತಿ ಅರ್ಜಿ ಕಳಿಸಿದಳು. "ನೋಡು ಮ್ಯಾಲಕಿ, ನಾನಿದನ್ನ ಒಂದು ನರಪಿಳ್ಳೆಗೂ ಹೇಳಲ್ಲ. ಪ್ರಮಾಣಪತ್ರ ಇದೆ."

ಅಸಂಪ್ಟಾ ನುಡಿದಂತೆ ನಡೆದಳು. ಅನಾಹುತ ಆದದ್ದು ಅಲ್ಲೇ. ಅವಳು ಆ ವಾರ ಯಾರಿಗೂ ಏನೂ ಹೇಳಲಿಲ್ಲ. ಕಟುಕನ ಅಂಗಡಿಗೆ ಹೋಗಿ "ಅರ್ಧ ಕೆಜಿ ಕೊಡಿ" ಎಂದಷ್ಟೇ ಹೇಳಿ ತುಟಿ ಬಿಗಿದುಕೊಂಡು ಹೊರಟಾಗ ಕಟುಕನ ಕೈಯಿಂದ ಕತ್ತಿಯೇ ಜಾರಿತು. ಹೆಂಗಸರು ಚಹಾ ಕೊಡಿಸಿದರು, ಕೇಕು ಕೊಡಿಸಿದರು. ಅಸಂಪ್ಟಾ ಕೇಕು ತಿಂದಳು, ಬಾಯಿ ಒರೆಸಿಕೊಂಡಳು, ಹೊರಟುಹೋದಳು.

"ಅಸಂಪ್ಟಾ ಬಾಯಿ ಮುಚ್ಕೊಂಡಿದಾಳೆ ಅಂದ್ರೆ" ಎಂದ ಕೋಲ್ಮನ್, ಲೋಟ ಒರೆಸುತ್ತ, "ಬರೀ ಆರು ವಾರದ ವಿಷಯ ಅಲ್ಲ ಅದು. ಅವಳ ಬಾಯನ್ನ ಅವಳ ಗಂಡ ಸತ್ತಾಗಲೂ ಮುಚ್ಚೋಕಾಗಿರಲಿಲ್ಲ."

ಇಡೀ ಪಬ್ಬು ತಲೆಯಾಡಿಸಿತು.

ಮೂರು ವಾರದ ಮೇಲೆ ಮ್ಯಾಲಕಿಯ ಮನೆಮುಂದೆ ಪೊಲೀಸ್ ಕಾರು ಬಂದು ನಿಂತಿತು. ಇಳಿದವನು ಸಾರ್ಜೆಂಟ್ ಕಿಲ್‌ಗ್ಯಾಲನ್. ಮೂವತ್ತೆಂಟರ ಪ್ರಾಯ, ಊರಿಗೆ ಬಂದು ಎರಡೇ ವರ್ಷ. ಅಷ್ಟರಲ್ಲೇ ಒಂದು ಕಳೆದ ಕತ್ತೆ ಬಿಟ್ಟರೆ ಬೇರೆ ಕೇಸು ಸಿಗದೆ ಬೇಸತ್ತಿದ್ದ. ಡಿಂಪ್ನಾ ಕೂದಲು ಸುರುಳಿ ಮಾಡಿಸಲು ಹೋಗಿದ್ದಳು. ಮ್ಯಾಲಕಿ ಚಹಾ ಇಟ್ಟ.

"ಮ್ಯಾಲಕಿಯವರೇ" ಎಂದ ಸಾರ್ಜೆಂಟ್, ಟೋಪಿ ಮೊಣಕಾಲ ಮೇಲಿಟ್ಟು. "ಡಬ್ಲಿನ್ನಿಂದ ಫೋನ್ ಬಂದಿತ್ತು. ಅವರು ಲಂಡನ್ನಿಗೆ ಬರೆದ್ರು. ಲಂಡನ್ನಿನವರು ನೆಲಮಾಳಿಗೆಗೆ ಇಳಿದು ಹುಡುಕಿದ್ರು. ನಿಮ್ಮ ಹೆಸರು ಎಲ್ಲೂ ಇಲ್ಲ."

"ಇಲ್ವಾ? ಸರಿಯಾಗಿ ಹುಡುಕಿದ್ರಾ?"

"ಅಷ್ಟೇ ಅಲ್ಲ. ನೀವು ಕೊಟ್ಟ ತಾರೀಕು ಭಾನುವಾರ. ಭಾನುವಾರ ಕೋರ್ಟಿಗೆ ರಜ."

ಮ್ಯಾಲಕಿ ಸಕ್ಕರೆ ಡಬ್ಬ ನೋಡಿದ. ಎತ್ತರದ ಪ್ರಕಾರ ಅದು ಮೂರನೆಯದು. ಅದರಿಂದ ಯಾವ ಸಹಾಯವೂ ಬರಲಿಲ್ಲ. ಕೊನೆಗೆ, ನಲವತ್ತು ವರ್ಷದಲ್ಲಿ ಮೊದಲ ಸಲ, ತಟ್ಟೆ, ಸನ್ಯಾಸಿನಿಯರು, ಗಂಜಿ ಎಲ್ಲವನ್ನೂ ಬಾಯಿಬಿಟ್ಟ. ಬಾವಿನ ಹೆಸರನ್ನು ಮಾತ್ರ ನುಂಗಿಕೊಂಡು "ಸ್ವಲ್ಪ ಹುಷಾರಿರಲಿಲ್ಲ" ಎಂದ.

ಸಾರ್ಜೆಂಟ್ ಚಹಾ ಪಕ್ಕಕ್ಕೆ ಸರಿಸಿದ. "ಈ ಅರ್ಜೀಲಿ ಸುಳ್ಳು ಹೇಳೋದು ಅಪರಾಧ, ಗೊತ್ತಾ ನಿಮಗೆ?"

"ಅಂದ್ರೆ, ಅಪರಾಧ ಮಾಡಿದೀನಿ ಅಂತ ಸುಳ್ಳು ಹೇಳಿದ್ರೂ?"

"ಹೇಳಿದ್ರೂ ಅಪರಾಧವೇ."

ಮ್ಯಾಲಕಿಯ ಮುಖ ಅರಳಿತು. "ಹಾಗಾದ್ರೆ ನಾನು ಅಪರಾಧಿ ಅಂತ ಬರೆದಿದ್ದು ನಿಜ ಆಯ್ತಲ್ಲ ಸಾರ್ಜೆಂಟ್? ನಿಜ ಆದ ಮೇಲೆ ಸುಳ್ಳೆಲ್ಲಿ ಬಂತು? ಸುಳ್ಳಲ್ಲ ಅಂದ ಮೇಲೆ ಅಪರಾಧ ಎಲ್ಲಿ..."

"ನಿಲ್ಲಿ, ನಿಲ್ಲಿ." ಸಾರ್ಜೆಂಟ್ ಹಣೆ ಒತ್ತಿಕೊಂಡ. ಪೊಲೀಸ್ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. "ನನಗೂ ಆ ಬಸ್ಸು ನಿಲ್ಲೋದು ಇಷ್ಟ ಇಲ್ಲ. ಗುರುವಾರ ಚರ್ಚ್ ಹಾಲಿಗೆ ಬನ್ನಿ. ಊಟದ ಸಮಿತಿಯವರ ಎದುರು, ಊಟಕ್ಕೆ ಬಂದ ಹಿರಿಯರ ಎದುರು, ಬರೆದದ್ದು ಸುಳ್ಳು ಅಂತ ಒಪ್ಕೊಳ್ಳಿ. ಹೊಸ ಅರ್ಜಿ ಹಾಕಿ. ನಾನು ಈ ಹಳೇದನ್ನ ನೋಡೇ ಇಲ್ಲ ಅಂದ್ಕೋತೀನಿ. ಒಪ್ಪಲ್ಲ ಅಂದ್ರೆ ಕೇಸು ಹಾಕ್ಲೇಬೇಕಾಗತ್ತೆ. ಆಗ ನಿಮಗೆ ಬಸ್ಸೂ ಇಲ್ಲ, ಆ ಮುದುಕರಿಗೆ ಊಟಾನೂ ಇಲ್ಲ."

ಕಾರು ಮನೆಮುಂದೆ ನಿಂತಿದ್ದು ಬರೋಬ್ಬರಿ ನಲವತ್ತು ನಿಮಿಷ. ಕತ್ತೆ ಕಳೆದಾಗಲೂ ಸಾರ್ಜೆಂಟ್ ಅಷ್ಟು ಹೊತ್ತು ಎಲ್ಲೂ ನಿಂತಿರಲಿಲ್ಲ. ಈ ಲೆಕ್ಕವನ್ನು ಹಿಡಿದು ಊರು ಕೆಲಸ ಶುರುಮಾಡಿತು. ಅಂಚೆಕಚೇರಿಯಲ್ಲಿ ಕಾಲುವೆಗೆ ಬಿದ್ದ ಪೊಲೀಸ್ ಪ್ರಜ್ಞೆ ತಪ್ಪಿದ. ಬೇಕರಿಗೆ ಬರುವಷ್ಟರಲ್ಲಿ ಅವನ ಉಸಿರು ನಿಂತಿತು. ಕೂದಲಿನ ಅಂಗಡಿ ತಲುಪುವಷ್ಟರಲ್ಲಿ ಅವನಿಗೆ ಒಬ್ಬ ವಿಧವೆ, ನಾಲ್ಕು ಮಕ್ಕಳು ಹುಟ್ಟಿಕೊಂಡರು.

ಏನೂ ತಿಳಿಯದ ಮ್ಯಾಲಕಿ ಧೈರ್ಯ ತಂದುಕೊಳ್ಳಲು ಪಬ್ಬಿಗೆ ಹೋದ. ಒಳಗೆ ಕಾಲಿಟ್ಟದ್ದೇ ತಡ ಗದ್ದಲವೆಲ್ಲ ಅಡಗಿತು. ಕೋಲ್ಮನ್ ಕೇಳದೆಯೇ ಒಂದು ಲೋಟ ತುಂಬಿ ಎರಡೂ ಕೈಯಿಂದ ಮುಂದಿಟ್ಟ.

"ತಗೋ ಮ್ಯಾಲಕಿ. ನಿನ್ನ ಮೇಲೆ ನನಗಿರೋ ಗೌರವ ನನ್ನ ಸ್ವಂತ ಅಣ್ಣನ ಮೇಲೂ ಇಲ್ಲ."

"ಥ್ಯಾಂಕ್ಸ್ ಕೋಲ್ಮನ್."

"ನಮ್ಮ ಮೊಮ್ಮಕ್ಕಳು ಬೀದೀಲಿ ಆಡ್ತಿರುವಾಗ ಮಾತ್ರ ಈ ಕಡೆ ಬರಬೇಡ, ಆಯ್ತಾ? ಬೇಜಾರ್ ಮಾಡ್ಕೋಬೇಡ."

"ಕೋಲ್ಮನ್, ನಾನು ಇರುವೇನೂ ತುಳಿದವನಲ್ಲ!"

"ಗೊತ್ತು ಗೊತ್ತು" ಕೋಲ್ಮನ್ ಕಣ್ಣು ಮಿಟುಕಿಸಿದ. "ಅದನ್ನೇ ಹೇಳು. ಯಾರು ಕೇಳಿದ್ರೂ ಅದನ್ನೇ ಹೇಳು."

ಮನೆಗೆ ಬಂದರೆ ಅಲ್ಲಿ ಡಿಂಪ್ನಾ. ಅರ್ಧ ತಲೆಗೆ ಸುರುಳಿ, ಇನ್ನರ್ಧ ಒದ್ದೆ. ಅಂಗಡಿಯಿಂದ ಹಾಗೇ ಎದ್ದು ಬಂದಿದ್ದಳು.

"ಸತ್ತೇ ಹೋಗಿದ್ದನಾ ಅವನು?"

"ಯಾರು?"

"ಕಾಲುವೆಯವನು! ಮೂವತ್ತೆಂಟು ವರ್ಷದಿಂದ ಅವನ ನೆಗಡಿ ವಾಸಿ ಆಗ್ಲಿ ಅಂತ ಪ್ರಾರ್ಥನೆ ಮಾಡ್ತಿದೀನಿ ಮ್ಯಾಲಕಿ! ಸತ್ತೋರಿಗೆ ಬೇರೆ ಪ್ರಾರ್ಥನೆ ಇದೆ. ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಡಿಂಪ್ನಾ, ಇಲ್ಲಿ ಕೇಳು, ನಿಜ ಏನಂದ್ರೆ..."

"ಈಗ ಮಾತಾಡಿಸ್ಬೇಡ. ಬಾಕಿ ತುಂಬಾ ಇದೆ." ಆಗಲೇ ಮೊಣಕಾಲೂರಿ ಜಪಮಾಲೆ ತಿರುಗಿಸತೊಡಗಿದ್ದಳು. ನಡುವೆ ಒಮ್ಮೆ ನಿಲ್ಲಿಸಿ, ಕತ್ತು ತಿರುಗಿಸಿ, ಮೆಲ್ಲಗೆ ಹೇಳಿದಳು: "ನೀನು ಏನೇ ಮಾಡಿರು, ನಾನು ನಿನ್ನ ಬಿಟ್ಟು ಹೋಗೋಳಲ್ಲ. ಸಾರು ಒಲೆ ಮೇಲಿದೆ."

ಇಂಥ ಹೆಂಗಸಿಗೆ ನಾನು ನಿರಪರಾಧಿ ಎಂದು ಹೇಗೆ ಹೇಳುವುದು? ಮ್ಯಾಲಕಿ ಸಾರು ಕುಡಿದು ಮಲಗಿದ.

ಗುರುವಾರ ಬಂತು. ಹ್ಯೂಯಿಯ ಅಳಿಯ ಒಂದು ದಿನದ ಮಟ್ಟಿಗೆ ರಜ ಹಾಕಿ, ಪಕ್ಕದಲ್ಲಿ ಸಾರ್ಜೆಂಟನ್ನೇ ಕೂರಿಸಿಕೊಂಡು ಹದಿನೇಳು ಜನರನ್ನು ತಂದಿಳಿಸಿದ. ಬೇಯಿಸಿದ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆಯ ಹಬೆ ಹಾಲನ್ನೆಲ್ಲ ತುಂಬಿತ್ತು. ಊಟಕ್ಕೆ ಸಂಬಂಧವೇ ಇಲ್ಲದ ಜನ ಗೋಡೆಗೆ ಒರಗಿ ನಿಂತಿದ್ದರು. ಕೋಲ್ಮನ್ ಪಬ್ಬಿಗೆ ಬೀಗ ಹಾಕಿ ಬಂದಿದ್ದ. ಅವನ ಅಪ್ಪ ಸತ್ತ ದಿನವೂ ಅದು ತೆರೆದಿತ್ತು. ಡಿಂಪ್ನಾ ಎಂದಿನಂತೆ ಏಪ್ರನ್ ಕಟ್ಟಿ ಆಲೂಗಡ್ಡೆ ಬಡಿಸುತ್ತಿದ್ದಳು. ಮೇಜಿನ ತುದಿಯಲ್ಲಿ ಸಮಿತಿಯ ಅಧ್ಯಕ್ಷೆ ಮಿಸ್ ಲಾವೆಲ್, ವಯಸ್ಸು ತೊಂಬತ್ತೊಂದು, ಹೊಸ ನೇರಳೆ ಟೋಪಿ ಇಟ್ಟು ಗಾಲಿಕುರ್ಚಿಯಲ್ಲಿ ಕೂತಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರೇ. ಇನ್ನರ್ಧ ಜನ ಕಲಿಯಲಿಲ್ಲ.

ಮ್ಯಾಲಕಿ ಟೋಪಿ ಹಿಂಡುತ್ತ ನಿಂತ. "ನಾನು ಅರ್ಜೀಲಿ ಬರೆದದ್ದು ಸುಳ್ಳು. ನಾನು ಯಾವ ಪೊಲೀಸಿನವರನ್ನೂ ಹೊಡೆದಿಲ್ಲ. ಯಾರನ್ನೂ ಕಾಲುವೆಗೆ ಹಾಕಿಲ್ಲ. ಜೈಲು ನೋಡೇ ಇಲ್ಲ. ನಾನು ನಿರಪರಾಧಿ."

ಗೋಡೆಗೊರಗಿದ್ದವರ ನಡುವೆ ಮೆಚ್ಚುಗೆಯ ಗುಸುಗುಸು ಹರಿಯಿತು.

"ಎಲ್ಲ ಅಪರಾಧಿಗಳೂ ಹೇಳೋದು ಇದನ್ನೇ" ಎಂದಳು ಕೋಲ್ಮನ್ನನ ಹೆಂಡತಿ.

"ಅವರು ಹೇಳ್ತಿರೋದು ನಿಜ" ಎಂದ ಸಾರ್ಜೆಂಟ್. "ಲಂಡನ್ನಲ್ಲಿ ಇವರ ಮೇಲೆ ಒಂದು ದಾಖಲೆಯೂ ಇಲ್ಲ."

"ನೋಡಿದ್ರಾ!" ಕೋಲ್ಮನ್ ತೊಡೆ ತಟ್ಟಿಕೊಂಡ. "ಎಷ್ಟು ಅಚ್ಚುಕಟ್ಟಾಗಿ ಅಳಿಸಿ ಬಂದಿದಾನೆ! ನಮ್ಮ ಕೈಲಾಗತ್ತಾ ಇದು?"

"ಕೋಲ್ಮನ್, ಮೂಲೆಗೆ ಹೋಗಿ ನಿಲ್ಲು" ಎಂದರು ಮಿಸ್ ಲಾವೆಲ್. ಅರವತ್ತು ದಾಟಿದ ಕೋಲ್ಮನ್ ಮೂಲೆಗೆ ಹೋಗಿ ನಿಂತ. "ಮ್ಯಾಲಕಿ, ಎದ್ದು ನಿಲ್ಲು."

"ನಿಂತೇ ಇದೀನಿ ಟೀಚರ್."

"ಹಾಗಾದ್ರೆ ನೆಟ್ಟಗೆ ನಿಲ್ಲು. ಇಲ್ಲಿ ನೋಡು. ನಾವು ಹದಿನೇಳು ಜನ. ಬಾಗಿಲು ತೆಗೆದು ನಿನ್ನನ್ನ ಒಳಗೆ ಬಿಟ್ಕೊಳ್ಳೋರು ನಾವು. ಬೀಗ ಹಾಕೋಕೆ ಮನೆ ಕೀಲಿ ನಿನ್ನ ಕೈಗೆ ಕೊಡೋರು ನಾವು. ಮೆಟ್ಟಿಲು ಹತ್ತೋವಾಗ ನೀನು ಕೈ ಬಿಟ್ರೆ ಬೀಳೋರೂ ನಾವೇ. ಅದಕ್ಕೇ ಆ ಅರ್ಜಿ ಇರೋದು. ನೀನು ಪಬ್ಬಲ್ಲಿ ಮೀಸೆ ತಿರುವೋಕಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಟೀಚರ್." ಮ್ಯಾಲಕಿಯ ಕಿವಿ ನಿಜವಾಗಿಯೂ ಕೆಂಪಾಗಿತ್ತು.

"ಈಗ ಹೇಳು. ಆರು ವಾರ ಎಲ್ಲಿದ್ದೆ?"

"ಹಾಸಿಗೇಲಿ."

"ಏನಾಗಿತ್ತು?"

ಮ್ಯಾಲಕಿ ಛಾವಣಿ ನೋಡಿದ. ಎಲೆಕೋಸು ನೋಡಿದ. ಸಾರ್ಜೆಂಟನ ಕಡೆ ನೋಡಿದ. ಅವನೂ ಕುತೂಹಲದಿಂದ ಕತ್ತು ಚಾಚಿದ್ದ.

"ಮಂಗನಬಾವು."

"ಏನು? ಗಟ್ಟಿಯಾಗಿ ಹೇಳು, ಹಿಂದಿನ ಬೆಂಚಿಗೆ ಕೇಳ್ಲಿ."

"ಮಂಗನಬಾವು ಟೀಚರ್! ಇಪ್ಪತ್ತೆರಡನೇ ವಯಸ್ಸಲ್ಲಿ. ಎರಡೂ ಕಡೆ. ಸನ್ಯಾಸಿನಿಯರು ಗಂಜಿ ಕುಡಿಸ್ತಿದ್ರು. ಚಮಚದಲ್ಲಿ."

ಹದಿನೇಳು ಫೋರ್ಕುಗಳು ಗಾಳಿಯಲ್ಲಿ ನಿಂತವು. ಮಿಸ್ ಲಾವೆಲ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದು ನಿಜ" ಎಂದು ತೀರ್ಪು ಕೊಟ್ಟರು. "ಇಂಥ ಸುಳ್ಳನ್ನ ಯಾವ ಗಂಡಸೂ ಕಟ್ಟಲ್ಲ."

ಆಮೇಲೆ ಎದ್ದ ನಗುವಿಗೆ ಕಿಟಕಿಯ ಗಾಜು ಅದುರಿತು. ಮೂಲೆಯಲ್ಲಿದ್ದ ಕೋಲ್ಮನ್ ಗೋಡೆಗೆ ಹಣೆ ಹಚ್ಚಿ ನಕ್ಕ. ಎಂಬತ್ತೆಂಟರ ಮುದುಕನೊಬ್ಬ ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡು ನೆಮ್ಮದಿಯಾಗಿ ನಕ್ಕ. ನಗದೇ ಇದ್ದವಳು ಒಬ್ಬಳೇ. ಡಿಂಪ್ನಾ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, ಏಪ್ರನ್ ಬಿಚ್ಚಿ, ಹೋಗಿ ಗೋಡೆ ನೋಡಿಕೊಂಡು ಕೂತಳು.

"ನನಗೆ ಮಾತ್ರ ಮೋಸ ಆಯ್ತು" ಎಂದರು ಮಿಸ್ ಲಾವೆಲ್, ನೇರಳೆ ಟೋಪಿ ಸರಿಪಡಿಸಿಕೊಳ್ಳುತ್ತ. "ಈ ವಯಸ್ಸಿಗೆ ಒಬ್ಬ ಕೊಲೆಗಾರ ನನ್ನ ಕೈ ಹಿಡಿದು ಬಸ್ಸು ಹತ್ತಿಸ್ತಾನೆ ಅಂತ ಇದನ್ನ ಕೊಂಡ್ಕೊಂಡೆ. ಇರ್ಲಿ. ತಟ್ಟೆ ತೊಳೆದೋನಾದ್ರೂ ಸರಿ, ನಂಬಬಹುದು. ಒಪ್ಪಿಗೆ ಇರೋರು ಕೈಯೆತ್ತಿ."

ಹದಿನೇಳು ಕೈಗಳು ಎದ್ದವು. ಕೆಲವು ಅರ್ಧಕ್ಕೇ ನಿಂತವು, ಕೀಲುನೋವು. ಅಸಂಪ್ಟಾ ಅಲ್ಲೇ ಹೊಸ ಅರ್ಜಿ ತುಂಬಿದಳು. ಡಬ್ಲಿನ್ನಿನವರು ಲಂಡನ್ನಿನ ನೆಲಮಾಳಿಗೆಯನ್ನೂ ಸೇರಿ ಎಲ್ಲವನ್ನೂ ಈಗಾಗಲೇ ಜಾಲಾಡಿದ್ದರಿಂದ, ಇಡೀ ಜಿಲ್ಲೆಯಲ್ಲಿ ಮ್ಯಾಲಕಿಯಷ್ಟು ಕೂಲಂಕಷವಾಗಿ ತಪಾಸಣೆಗೊಂಡ ಮನುಷ್ಯ ಇನ್ನೊಬ್ಬನಿಲ್ಲ, ಒಂದನೇ ತಾರೀಕಿನೊಳಗೆ ಒಪ್ಪಿಗೆ ಖಂಡಿತ ಎಂದ ಸಾರ್ಜೆಂಟ್.

"ಇನ್ನೊಂದು ವಿಷಯ" ಎಂದಳು ಅಸಂಪ್ಟಾ, ಕಾಗದ ತಿರುವುತ್ತ. "ಇವನಿಗೆ ಹುಷಾರಿಲ್ಲದಾಗ ಓಡಿಸೋಕೆ ಎರಡನೇ ಚಾಲಕ ಬೇಕು ಅಂತ ನಿಯಮ ಇದೆ. ಇಷ್ಟು ಜನ ಗಂಡಸರಿದೀರಿ. ಕೋಲ್ಮನ್, ನಿನ್ನ ಹೆಸರು ಬರ್ಕೊಳ್ಲಾ? ಹುಟ್ಟಿದಾಗಿಂದ ಒಂದೊಂದೂ ಹೇಳಿದ್ರೆ ಸಾಕು."

ಕೋಲ್ಮನ್‌ನ ನಗು ಅಲ್ಲೇ ಹೆಪ್ಪುಗಟ್ಟಿತು. "ನಾನಾ? ನಂಗೆ ಪಬ್ಬು... ಪೀಪಾಯಿ ಬರೋ ಹೊತ್ತಾಯ್ತು" ಎಂದು ಮೂಲೆಯಿಂದ ನೇರ ಬಾಗಿಲಿಗೆ ನಡೆದ. ಕಟುಕನಿಗೆ ಇದ್ದಕ್ಕಿದ್ದಂತೆ ಮಂಡಿ ನೋವು ಶುರುವಾಯಿತು. ಗಾಯನ ತಂಡದ ಮುಖ್ಯಸ್ಥನಿಗೆ ಕಣ್ಣು ಮಂಜಾಯಿತು. ಅಂಚೆಯವನು ನಾನು ಈ ಊರಿನವನೇ ಅಲ್ಲ ಎಂದ. ಅವನು ಅಲ್ಲೇ ಹುಟ್ಟಿದವನು. ಎರಡು ನಿಮಿಷದಲ್ಲಿ ಗೋಡೆಗೆ ಒರಗಿದ್ದ ಗೌರವಸ್ಥರಲ್ಲಿ ಒಬ್ಬನೂ ಉಳಿಯಲಿಲ್ಲ. ಎಂಟು ಭಾನುವಾರ ಬೂಟು ನೋಡಿಕೊಂಡದ್ದು ಸೋಮಾರಿತನದಿಂದಲ್ಲ ಎಂಬುದು ಆಗ ಸಾರ್ಜೆಂಟನಿಗೆ ಹೊಳೆಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಕಳೆ ಬಂತು. ಜೇಬಿನಿಂದ ಪುಸ್ತಕ ತೆಗೆದ.

ಮ್ಯಾಲಕಿ, ಡಿಂಪ್ನಾ ಕಾರಿನಲ್ಲಿ ಮನೆಗೆ ಹೊರಟರು. ಸೇತುವೆಯವರೆಗೆ ಡಿಂಪ್ನಾ ಕೈಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು.

"ಕೋಪ ಬಂದಿದೆಯಾ?"

"ಮೂವತ್ತೆಂಟು ವರ್ಷ! ಇಲ್ಲದೇ ಇರೋ ಒಬ್ಬ ಮನುಷ್ಯನ ಇಲ್ಲದೇ ಇರೋ ನೆಗಡಿಗೆ!"

"ತಪ್ಪಾಯ್ತು ಡಿಂಪ್ನಾ. ಹೇಳೋಣ ಅಂದ್ಕೊಂಡಾಗೆಲ್ಲ ನೀನು ಮೇಣದಬತ್ತಿ ಹಚ್ಚಿ ಬಂದಿರ್ತಿದ್ದೆ." ಸ್ವಲ್ಪ ದೂರ ಸಾಗಿದ ಮೇಲೆ ಮತ್ತೆ ಅಂದ, "ಒಂದು ಮಾತು ಹೇಳ್ಲಾ? ಎರಡನೇ ಚಾಲಕ ನೀನೇ ಆಗ್ಬಹುದಲ್ಲ. ನಿನ್ನಷ್ಟು ಚೆನ್ನಾಗಿ ಗಾಡಿ ಓಡಿಸೋರು ಊರಲ್ಲಿ ಯಾರಿದಾರೆ? ದಿನಾ ಚರ್ಚಿಗೆ ಹೋಗೋಳು. ನಿನ್ನ ಅರ್ಜಿ ಒಂದೇ ದಿನಕ್ಕೆ ಪಾಸು."

ಡಿಂಪ್ನಾ ಕಿಟಕಿಯಾಚೆ ಕುರಿ ನೋಡತೊಡಗಿದಳು.

"ನಾನು ಆ ಅರ್ಜಿ ತುಂಬೋ ಹಾಗಿಲ್ಲ."

"ಯಾಕೆ? ವಿಳಾಸ ನಾನು ಹೇಳ್ಕೊಡ್ತೀನಿ."

"ವಿಳಾಸದ್ದಲ್ಲ." ಅವಳು ಕೈಚೀಲದ ಕೊಂಡಿ ತೆಗೆದಳು, ಹಾಕಿದಳು. "ಎಂಬತ್ತನಾಲ್ಕರಲ್ಲಿ ಗಡಿ ಆಚೆ ಟೀವಿ ಅಗ್ಗ ಇತ್ತು, ಈಚೆ ತಂದ್ರೆ ಸುಂಕ. ನಮ್ಮಕ್ಕಂದು ಮಗು ತಳ್ಳೋ ಗಾಡಿ. ನಾನೇ ತಳ್ಕೊಂಡು ಬಂದೆ. ಕಂಬಳಿ ಹೊದಿಸಿ, ಉಣ್ಣೆ ಟೋಪಿ ಹಾಕಿದ್ದೆ. ಸುಂಕದವನು ಒಳ್ಳೆಯವನು. ಮಗು ಕೆನ್ನೆ ಸವರೋಣ ಅಂತ ಬಗ್ಗಿದ."

"ಆಮೇಲೆ?"

"ಗಾಜು ತಣ್ಣಗಿತ್ತು."

ಕಾರು ಒಂದು ಗಳಿಗೆ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹೋಗಿ ಮತ್ತೆ ಬಂತು.

"ಕೋರ್ಟಿಗೆ ಹೋದ್ಯಾ?"

"ಎರಡು ಸಲ."

"ಒಂದು ಟೀವಿಗೆ ಎರಡು ಸಲಾನಾ?"

"ಮೊದಲನೇ ಸಲದ್ದು ಬೆಣ್ಣೆ." ಡಿಂಪ್ನಾ ಈಗ ನೇರ ಅವನ ಕಡೆ ತಿರುಗಿದಳು. "ಜೈಲಿಗೇ ಹೋಗಿ ಬಂದ ಗಂಡು, ಇವನಾದ್ರೆ ನನ್ನ ಕೀಳಾಗಿ ನೋಡಲ್ಲ ಅಂತ ನಿನ್ನ ಮದುವೆಯಾದೆ ಮ್ಯಾಲಕಿ. ಆ ಒಂದೇ ಕಾರಣಕ್ಕೆ. ನೀನು ನೋಡಿದ್ರೆ ಮಂಗನಬಾವು!"

ಮ್ಯಾಲಕಿ ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಎಂಜಿನ್ ಆರಿಸಿದ. ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಕಡೆ ತಿರುಗಿದ.

"ಎಷ್ಟು ಇಂಚಿನ ಟೀವಿ?"

"ಇಪ್ಪತ್ತಾರು" ಎಂದಳು ಡಿಂಪ್ನಾ. "ಬಣ್ಣದ್ದು."

ಮ್ಯಾಲಕಿ ಟೋಪಿ ಮತ್ತೆ ತಲೆಗಿಟ್ಟುಕೊಂಡ. ಹಿಂದೆ ಮುಂದೆ ಎರಡೆರಡು ಸಲ ನೋಡಿ, ಯಾರೋ ದೊಡ್ಡ ಮನುಷ್ಯರನ್ನು ಕೂರಿಸಿಕೊಂಡವನ ಜಾಗ್ರತೆಯಿಂದ, ಕುಲುಕದಂತೆ ಕಾರು ಹೊರಡಿಸಿದ.